ಇಂತಿಷ್ಟೆಂದು ಹೇಳದ ಅಳತೆ: ಗಡಿನಾಡಿನ ತರಗತಿಯಲ್ಲಿ ಪರಿಮಾಣವಾಚಕಗಳ ಬೋಧನೆ

ಹೊಸೂರು ಭಾಗದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಐದನೆಯ ತರಗತಿಯ ಗಣಿತ ಪಾಠವನ್ನು ವೀಕ್ಷಿಸುತ್ತಿದ್ದೆ. ಶಿಕ್ಷಕಿಯವರು ಸಂಖ್ಯೆಗಳನ್ನು ಮಾತಿನಲ್ಲಿ ಹೇಳಿ ಅಂಕಿಗಳಲ್ಲಿ ಬರೆಯಿಸುತ್ತಿದ್ದರು. ನಡುವೆ ಮಕ್ಕಳ ಬೇಸರ ಕಳೆಯಲೆಂದು ಊರಿನ ಮಾತು ತೆಗೆದು, ‘ಚಂದ್ರಚೂಡೇಶ್ವರನ ತೇರಿಗೆ ನೂರಾರು ಜನ ಬಂದಿದ್ದರು, ಅಲ್ಲವೆ?’ ಎಂದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ತಲೆ ತಗ್ಗಿಸಿ ಸ್ಲೇಟಿನಲ್ಲಿ 106 ಎಂದು ಬರೆದಳು. ಪಕ್ಕದವಳು ಅದನ್ನು ಎತ್ತಿ ತೋರಿಸಿದಳು, ಮಕ್ಕಳೆಲ್ಲ ನಕ್ಕರು. ನನಗೂ ನಗು ಬಂದಿತು. ಹುಡುಗಿ ಸ್ಲೇಟನ್ನು ಒರೆಸಿಬಿಟ್ಟಳು. ಆ ಅವಧಿ ಮುಗಿಯುವವರೆಗೂ ಅವಳು ಮತ್ತೆ ಏನನ್ನೂ ಬರೆಯಲಿಲ್ಲ.

ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಕುಳಿತಾಗ ನನ್ನ ನಗು ತಪ್ಪೆಂದು ತಿಳಿಯಿತು. ಇಪ್ಪತ್ತಾರು ಎಂದರೆ 26, ಮೂವತ್ತಾರು ಎಂದರೆ 36, ತೊಂಬತ್ತಾರು ಎಂದರೆ 96 ಎಂದು ನಾವೇ ಅವಳಿಗೆ ಕಲಿಸಿದ್ದೇವೆ. ಹಾಗಿರುವಾಗ ನೂರಾರು 106 ಏಕಾಗಬಾರದು? ಅವಳ ಮನೆಯ ಸುತ್ತ ಕೇಳಿಬರುವ ತೆಲುಗಿನಲ್ಲಿ ‘ನೂಟ ಆರು’ ಎಂದರೆ 106. ತಮಿಳು ಪಾಠದ ‘ನೂಟ್ರಾರು’ ಎಂದರೂ 106. ‘ನೂರಾರು’ ಎಂಬುದಕ್ಕೆ ತಮಿಳರು ‘ನೂಟ್ರುಕ್ಕಣಕ್ಕಾನ’ ಎಂದೂ ತೆಲುಗರು ‘ವಂದಲಾದಿ’ ಎಂದೂ ಬೇರೆಯೇ ಪದವನ್ನು ಬಳಸುತ್ತಾರೆ. ಮೂರು ಭಾಷೆಗಳ ನಡುವೆ ಬೆಳೆಯುವ ಮಗು ತನಗೆ ತಿಳಿದ ನಿಯಮವನ್ನು ನೇರವಾಗಿ ಅನ್ವಯಿಸಿತ್ತು. ನಿಯಮ ಮುರಿದದ್ದು ಕನ್ನಡ, ನಕ್ಕವರು ನಾವು.

ಕೃಷ್ಣಗಿರಿ ಜಿಲ್ಲೆಯ ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು, ಶೂಲಗಿರಿ ಭಾಗಗಳ ನಮ್ಮ ಮಕ್ಕಳು ಕನ್ನಡವನ್ನು ಒಂಟಿಯಾಗಿ ಕಲಿಯುವವರಲ್ಲ. 2006ರ ತಮಿಳು ಕಲಿಕೆಯ ಕಾಯ್ದೆಯ ನಂತರ ಅವರು ಒಂದನೆಯ ತರಗತಿಯಿಂದಲೇ ತಮಿಳನ್ನೂ ಓದುತ್ತಾರೆ. ಬೀದಿಯಲ್ಲಿ ಮತ್ತು ಸಂತೆಯಲ್ಲಿ ತೆಲುಗು ಇದ್ದೇ ಇದೆ. ಆದುದರಿಂದ ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕುಳಿತು ಬರೆದ ವ್ಯಾಕರಣ ಪಾಠವನ್ನು ಇಲ್ಲಿ ಇದ್ದಕ್ಕಿದ್ದಂತೆ ಒಪ್ಪಿಸಿದರೆ ಸಾಲದು. ಈ ಲೇಖನದಲ್ಲಿ ಪರಿಮಾಣವಾಚಕಗಳೆಂಬ ಚಿಕ್ಕ ಅಧ್ಯಾಯವೊಂದನ್ನು ಆ ದೃಷ್ಟಿಯಿಂದ ಪರಿಶೀಲಿಸಲಾಗಿದೆ. ಪಠ್ಯದಲ್ಲಿ ಅರ್ಧ ಪುಟವನ್ನೂ ತುಂಬದ ಈ ವಿಷಯವು ಗಣಿತ ಮತ್ತು ವಿಜ್ಞಾನದ ಉತ್ತರಪತ್ರಿಕೆಗಳಲ್ಲಿ ಮಕ್ಕಳ ಅಂಕಗಳನ್ನು ಕಳೆಯುತ್ತದೆ ಎಂಬುದು ನನ್ನ ಅನುಭವ.

ವ್ಯಾಕರಣ ಹೇಳುವುದೇನು

ಶಾಲಾ ವ್ಯಾಕರಣವು ನಾಮಪದಗಳನ್ನು ವಿಂಗಡಿಸುವಾಗ ಒಂದು, ಎರಡು, ನೂರು ಎಂಬವನ್ನು ಸಂಖ್ಯಾವಾಚಕವೆಂದೂ, ಒಂದನೆಯ, ಇಮ್ಮಡಿ ಮೊದಲಾದವನ್ನು ಸಂಖ್ಯೇಯವಾಚಕವೆಂದೂ ಕರೆಯುತ್ತದೆ. ಖಚಿತ ಸಂಖ್ಯೆಯನ್ನಾಗಲಿ ಅಳತೆಯನ್ನಾಗಲಿ ಹೇಳದೆ ಗಾತ್ರ, ಪ್ರಮಾಣ, ಎಣಿಕೆಗಳನ್ನು ಸಾಮಾನ್ಯವಾಗಿ ಸೂಚಿಸುವ ಅಷ್ಟು, ಇಷ್ಟು, ಎಷ್ಟು, ಕೆಲವು, ಹಲವು ಮುಂತಾದವು ಪರಿಮಾಣವಾಚಕಗಳು. ಸ್ವಲ್ಪ, ಕೊಂಚ, ತುಸು, ಒಂದಿಷ್ಟು, ಒಂದಷ್ಟು, ಬಹಳ, ಅನೇಕ ಎಂಬವನ್ನೂ ಇಲ್ಲಿಯೇ ಸೇರಿಸಿ ಬೋಧಿಸುವುದು ಅನುಕೂಲ.

‘ಖಚಿತವಲ್ಲದ’ ಎಂಬ ವಿವರಣೆಯಿಂದ ಮಕ್ಕಳು, ಕೆಲವೊಮ್ಮೆ ಶಿಕ್ಷಕರೂ, ಈ ಪದಗಳನ್ನು ಹೇಗೆ ಬೇಕಾದರೂ ಅದಲುಬದಲು ಮಾಡಬಹುದೆಂದು ಭಾವಿಸುತ್ತಾರೆ. ಅದು ಸರಿಯಲ್ಲ. ಸಂಖ್ಯೆಯೊಂದನ್ನು ಬಿಟ್ಟು ಉಳಿದ ವಿಷಯಗಳಲ್ಲಿ ಈ ಪದಗಳು ಬಹಳ ಖಚಿತವಾಗಿವೆ. ಎಣಿಸುವ ವಸ್ತುವೋ ಅಳೆಯುವ ವಸ್ತುವೋ, ಮನುಷ್ಯರೋ ಅಲ್ಲವೋ, ಹೇಳುವವನಿಗೆ ಗೊತ್ತಿದೆಯೋ ಇಲ್ಲವೋ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡದೆ ಕನ್ನಡದಲ್ಲಿ ‘ಇಂತಿಷ್ಟೆಂದು ಹೇಳದೆ’ ಇರಲು ಸಾಧ್ಯವಿಲ್ಲ.

ಎಣಿಸುವುದು, ಅಳೆಯುವುದು

ಕೆಲವು ಮತ್ತು ಹಲವು ಎಣಿಸುವ ವಸ್ತುಗಳಿಗೆ. ಕೊಂಚ ಮತ್ತು ತುಸು ಅಳೆಯುವ ವಸ್ತುಗಳಿಗೆ. ಸ್ವಲ್ಪ ಎಂಬುದು ಮುಖ್ಯವಾಗಿ ಅಳತೆಯದು. ಬಹಳ, ಒಂದಷ್ಟು, ಒಂದಿಷ್ಟು ಎರಡೂ ಕಡೆ ನಡೆಯುತ್ತವೆ. ‘ಕೆಲವು ಹಾಲು’ ಎಂದು ಕನ್ನಡದ ಮನೆಯ ಯಾವ ಮಗುವೂ ಹೇಳುವುದಿಲ್ಲ. ಆದರೆ ‘ಬೀಕರಿಗೆ ಕೆಲವು ನೀರನ್ನು ಸೇರಿಸಿ’ ಎಂಬ ವಾಕ್ಯವನ್ನು ವಿಜ್ಞಾನದ ಟಿಪ್ಪಣಿಯೊಂದರಲ್ಲಿ ನಾನು ಓದಿದ್ದೇನೆ. ಇಂಗ್ಲಿಷಿನ ‘ಸಮ್’ ಎಂಬ ಒಂದೇ ಪದ ನೀರಿಗೂ ಸಲ್ಲುತ್ತದೆ, ಪುಸ್ತಕಗಳಿಗೂ ಸಲ್ಲುತ್ತದೆ. ಅನುವಾದ ಮಾಡಿದವರು ನಿಘಂಟಿನ ಮೊದಲ ಅರ್ಥವನ್ನು ತೆಗೆದು ಅಂಟಿಸಿದ್ದರು. ಅಂತಹ ವಾಕ್ಯ ಕಂಡಾಗ ಶಿಕ್ಷಕರು ಅದನ್ನು ತಿದ್ದಿಯೇ ಓದಬೇಕು. ಮುದ್ರಿತವಾದುದೆಲ್ಲ ಸರಿಯೆಂಬ ಭಯಭಕ್ತಿ ಇಲ್ಲಿ ಬೇಡ.

‘ಸ್ವಲ್ಪ ಜನ ಬಂದರು’ ಎಂಬ ಮಾತಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಜನ ಎಂಬುದು ಎಣಿಸುವಂತಹುದು. ಆದುದರಿಂದ ಇದು ತಪ್ಪೆಂದು ಕೆಲವು ಶಿಕ್ಷಕರು ಕೆಂಪು ಶಾಯಿಯಿಂದ ಗುರುತು ಹಾಕುತ್ತಾರೆ. ತಮಿಳಿನ ‘ಕೊಂಜ ಪೇರ್’, ತೆಲುಗಿನ ‘ಕೊಂತ ಮಂದಿ’ ಇವುಗಳ ಪ್ರಭಾವವೆಂದೂ ಹೇಳುತ್ತಾರೆ. ಪ್ರಭಾವವಿರಬಹುದು. ಆದರೆ ಬೆಂಗಳೂರಿನ ಕನ್ನಡಿಗರೂ ಹೀಗೆಯೇ ಮಾತನಾಡುತ್ತಾರೆ. ಜನ ಎಂಬುದು ಗುಂಪನ್ನು ಸೂಚಿಸುವ ಪದ, ಗುಂಪನ್ನು ಅಳೆಯಬಹುದು. ಪ್ರಬಂಧದಲ್ಲಿ ‘ಕೆಲವರು’ ಎಂದು ಬರೆಯಲು ಹೇಳಿ, ಮಾತಿನಲ್ಲಿ ತಡೆಯಬೇಡಿ. ‘ಸ್ವಲ್ಪ ಮಾವಿನ ಗಿಡಗಳು’ ಎಂದಾಗ ಮಾತ್ರ ತಿದ್ದಿ.

ಇಲ್ಲಿಯೇ ನನ್ನ ಹಳೆಯ ತಪ್ಪೊಂದನ್ನು ಹೇಳಿಬಿಡಬೇಕು. ವೃತ್ತಿಗೆ ಬಂದ ಹೊಸತರಲ್ಲಿ ಹುಡುಗನೊಬ್ಬ ‘ಒಸಿ ನೀರು ಕುಡಿದು ಹೊರಟೆವು’ ಎಂದು ಬರೆದಿದ್ದುದನ್ನು ಹೊಡೆದುಹಾಕಿ ‘ಸ್ವಲ್ಪ’ ಎಂದು ಬರೆದಿದ್ದೆ. ಒಸಿ ಎಂಬುದು ಹಳೆಯ ಮೈಸೂರು ಸೀಮೆಯ ಹಳ್ಳಿಗಳ ಸಹಜವಾದ ಪದ; ಗಡಿ ರೇಖೆಯನ್ನು ನಕ್ಷೆಯಲ್ಲಿ ಎಳೆದಾಗ ಅದು ನಮ್ಮ ಕಡೆಯೂ ಉಳಿಯಿತು. ಸ್ವಲ್ಪ ಎಂಬುದಾದರೋ ಸಂಸ್ಕೃತದಿಂದ ಬಂದ ಪದ. ಮನೆಯ ಪದವನ್ನು ಅಳಿಸಿ ಎರವಲು ಪದವನ್ನು ಕೂರಿಸಿ ಅದನ್ನೇ ‘ಶುದ್ಧ ಕನ್ನಡ’ವೆಂದು ಆ ಹುಡುಗನಿಗೆ ಹೇಳಿದ್ದೆ! ಈಗ ಒಸಿ, ಚೂರು, ತುಸು, ಕೊಂಚ, ಸ್ವಲ್ಪ ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆಯಿಸಿ, ಯಾವುದು ಮನೆಗೆ, ಯಾವುದು ಪರೀಕ್ಷೆಗೆ ಎಂದು ಕೇಳುತ್ತೇನೆ. ಒಂದು ಎಚ್ಚರಿಕೆ ಉಂಟು. ತಮಿಳಿನಲ್ಲಿ ‘ಓಸಿ’ ಎಂದರೆ ಬಿಟ್ಟಿ. ‘ಒಸಿ ಸಾಂಬಾರ್ ಹಾಕಿ’ ಎಂದ ಹುಡುಗನನ್ನು ನಮ್ಮ ತಮಿಳು ಸಹೋದ್ಯೋಗಿಯೊಬ್ಬರು ಹುಬ್ಬೇರಿಸಿ ನೋಡಿದ್ದುಂಟು.

ಕೆಲವು, ಕೆಲವರು

ಮನುಷ್ಯರನ್ನು ಕುರಿತು ಪದವು ಒಂಟಿಯಾಗಿ ನಿಂತಾಗ ಕೆಲವರು, ಹಲವರು, ಅನೇಕರು. ವಸ್ತುಗಳಿಗೆ ಕೆಲವು, ಹಲವು. ‘ಕೆಲವು ಬಂದವು’ ಎಂದರೆ ದನಗಳೋ ಬಸ್ಸುಗಳೋ. ‘ಕೆಲವರು ಬಂದರು’ ಎಂದರೆ ಮನುಷ್ಯರು. ತಮಿಳಿನ ಸಿಲ–ಸಿಲರ್, ಪಲ–ಪಲರ್ ಜೋಡಿಗಳನ್ನು ಪಕ್ಕದಲ್ಲಿ ಬರೆದರೆ ನಿಯಮವನ್ನು ಬಾಯಿಪಾಠ ಮಾಡಿಸುವ ಅಗತ್ಯವೇ ಬೀಳದು. ಪಲ ಮತ್ತು ಹಲವು ಒಂದೇ ಮೂಲದವು. ಹಳಗನ್ನಡದಲ್ಲಿ ನಾವೂ ಪಲವು, ಪಲರ್ ಎನ್ನುತ್ತಿದ್ದೆವು. ಪಾಲು ಹಾಲಾದಂತೆ ಪಲವು ಹಲವಾಯಿತು, ತಮಿಳು ಪಕಾರವನ್ನು ಉಳಿಸಿಕೊಂಡಿತು. ಸಿಲ ಮತ್ತು ಕೆಲ ಕೂಡ ಹಾಗೆಯೇ. ಕನ್ನಡದ ಕಿವಿಗೆ ತಮಿಳಿನಲ್ಲಿ ಸೆವಿ ಇರುವಂತೆ ಕೆಲವಿಗೆ ಸಿಲ. ಆರನೆಯ ತರಗತಿಯ ಮಕ್ಕಳು ಇದನ್ನು ಒಗಟಿನಂತೆ ಬಿಡಿಸುತ್ತಾರೆ. ತಮಿಳು ಪಾಠವನ್ನು ಹೊರೆಯೆಂದು ತಿಳಿದಿದ್ದ ಮಗುವಿಗೂ ಅದರಲ್ಲಿ ತನ್ನ ಭಾಷೆಯ ಹಳೆಯ ಮುಖ ಕಾಣಿಸಿದಾಗ ಆಗುವ ಸಂತೋಷವನ್ನು ನೋಡಿಯೇ ತಿಳಿಯಬೇಕು.

ನಾಮಪದದ ಹಿಂದೆ ಬಂದಾಗ ‘ಕೆಲವು ಹುಡುಗರು’ ಎಂಬುದು ಸಾಮಾನ್ಯ ರೂಪ. ತೆಲುಗು ಮಾತನಾಡುವ ಮನೆಗಳಿಂದ ಬಂದ ಮಕ್ಕಳು ‘ಕೆಲವರು ಹುಡುಗರು’ ಎಂದು ಬರೆಯುತ್ತಾರೆ. ತೆಲುಗಿನ ‘ಕೊಂದರು ಪಿಲ್ಲಲು’ ಎಂಬುದರ ಅಚ್ಚು ಅದು. ಕನ್ನಡ ಗ್ರಂಥಭಾಷೆಯಲ್ಲಿ ಈ ರೂಪವೂ ಇದೆ. ತಿದ್ದುವ ಅಗತ್ಯವಿಲ್ಲ.

ಗುಂಪಿನಿಂದ ಒಂದು ಭಾಗವನ್ನು ಬೇರ್ಪಡಿಸಿ ಹೇಳುವಾಗ ಏಳನೆಯ ವಿಭಕ್ತಿ: ‘ಮಕ್ಕಳಲ್ಲಿ ಕೆಲವರು’. ವ್ಯಾಕರಣಕಾರರು ಇದನ್ನು ನಿರ್ಧಾರಣೆ ಎನ್ನುತ್ತಾರೆ. ‘ಕೆಲವು ಮಕ್ಕಳು’ ಎಂದಾಗ ಯಾವ ಗುಂಪೆಂಬುದು ತಿಳಿಯದು. ‘ಮಕ್ಕಳಲ್ಲಿ ಕೆಲವರು’ ಎಂದಾಗ ಗುಂಪು ಗೊತ್ತು, ಉಳಿದವರೂ ಇದ್ದಾರೆ. ವಿಜ್ಞಾನದಲ್ಲಿ ಈ ಭೇದ ತಪ್ಪಿದರೆ ಪ್ರಯೋಗವೇ ತಪ್ಪುತ್ತದೆ. ‘ದ್ರಾವಣದಲ್ಲಿ ಸ್ವಲ್ಪವನ್ನು ಬೇರೆ ನಳಿಕೆಗೆ ಹಾಕಿ’ ಎಂದರೆ ದ್ರಾವಣದ ಒಂದು ಭಾಗವನ್ನು ತೆಗೆಯಬೇಕು. ‘ದ್ರಾವಣದಲ್ಲಿ ಸ್ವಲ್ಪ ಉಪ್ಪು ಹಾಕಿ’ ಎಂದರೆ ಸೇರಿಸಬೇಕು. ಎರಡೂ ವಾಕ್ಯಗಳು ಒಂದೇ ರೀತಿ ಆರಂಭವಾಗುತ್ತವೆ. ಅರ್ಧ ಓದಿ ಕೈಹಾಕುವ ಮಗು ಮೊದಲನೆಯದರಲ್ಲಿಯೂ ಏನನ್ನೋ ಸೇರಿಸಲು ಹುಡುಕುತ್ತದೆ. ಮೊದಲನೆಯದನ್ನು ‘ದ್ರಾವಣದಿಂದ ಸ್ವಲ್ಪ ಭಾಗವನ್ನು ತೆಗೆದು’ ಎಂದು ಬದಲಿಸಿ ಹೇಳುವುದು ಲೇಸು.

‘ಕೆಲವು ಎಂದರೆ ಎಷ್ಟು?’

ಗಣಿತದ ಒಂದು ಲೆಕ್ಕವನ್ನು ಗಮನಿಸಿ. ‘ಒಂದು ಬುಟ್ಟಿಯಲ್ಲಿ ಕೆಲವು ಮಾವಿನಹಣ್ಣುಗಳಿದ್ದವು. 12 ಹಣ್ಣುಗಳನ್ನು ಮಾರಿದ ನಂತರ 18 ಉಳಿದವು. ಮೊದಲು ಇದ್ದ ಹಣ್ಣುಗಳೆಷ್ಟು?’ ಉತ್ತರ 30. ಕೂಡುವುದನ್ನು ಚೆನ್ನಾಗಿ ಬಲ್ಲ ಹುಡುಗನೊಬ್ಬ 18ರಿಂದ 12ನ್ನು ಕಳೆದು 6 ಎಂದು ಬರೆದಿದ್ದ. ಏಕೆಂದು ಕೇಳಿದೆ. ‘ಕೆಲವು ಅಂತ ಐತಲ್ಲ ಟೀಚರ್, ಮೂವತ್ತು ಹಣ್ಣು ಇದ್ರೆ ಕೆಲವು ಅಂತಾರಾ?’ ಎಂದ. ಅವನ ತಂದೆಯದು ಕೃಷ್ಣಗಿರಿ ಕಡೆಯ ಮಾವಿನ ತೋಟದಲ್ಲಿ ಕೂಲಿ ಕೆಲಸ. ಬುಟ್ಟಿ, ಹಣ್ಣು, ಕೆಲವು, ಈ ಮೂರನ್ನೂ ಅವನು ಲೆಕ್ಕ ಬರೆದವರಿಗಿಂತ ಚೆನ್ನಾಗಿ ಬಲ್ಲ.

ಈ ಉತ್ತರದ ಹಿಂದೆ ಭಾಷೆಯ ಸೂಕ್ಷ್ಮವಿದೆ. ಕೆಲವು ಎಂಬುದು ಕನ್ನಡದಲ್ಲಿ ಕಡಿಮೆಯ ಕಡೆಗೆ ವಾಲುತ್ತದೆ, ಹಲವು ಹೆಚ್ಚಿನ ಕಡೆಗೆ. ಗಣಿತಕ್ಕೆ ಬೇಕಾದುದು ಎತ್ತಲೂ ವಾಲದ ಪದ. ‘ಒಂದಷ್ಟು’ ಆ ಕೆಲಸವನ್ನು ಮಾಡುತ್ತದೆ: ಇಷ್ಟಿದೆ, ಎಷ್ಟೆಂದು ಹೇಳಿಲ್ಲ. ಲೆಕ್ಕಗಳನ್ನು ನೀವೇ ರಚಿಸುವಾಗ ‘ಒಂದಷ್ಟು ಹಣ್ಣುಗಳಿದ್ದವು’ ಎಂದು ಬರೆಯಿರಿ. ಮುದ್ರಿತ ಲೆಕ್ಕದಲ್ಲಿ ಕೆಲವು ಇದ್ದರೆ, ಇಲ್ಲಿ ಅದು ‘ಸ್ವಲ್ಪವೇ’ ಎಂದಲ್ಲ, ‘ಇನ್ನೂ ಗೊತ್ತಿಲ್ಲದಷ್ಟು’ ಎಂದು ಮೊದಲೇ ತಿಳಿಸಿ. ಆ ಗೊತ್ತಿಲ್ಲದಷ್ಟನ್ನೇ ಮುಂದೆ ಬೀಜಗಣಿತದಲ್ಲಿ ಅಕ್ಷರದಿಂದ ಸೂಚಿಸುತ್ತೇವೆ. ‘ಕೆಲವು ಎಂದರೆ ಎಷ್ಟು?’ ಎಂದು ಕೇಳಿದ ಮಗುವನ್ನು ಗದರಿಸಬೇಡಿ. ಸಮೀಕರಣದ ಮೊದಲ ಸಾಲನ್ನು ಅದು ಆಗಲೇ ಬರೆದಾಗಿದೆ.

ಏ ಎಂಬ ಅವಧಾರಣೆ ಸೇರಿದರೆ ವಾಲುವಿಕೆ ಇನ್ನೂ ಸ್ಪಷ್ಟ. ‘ಸ್ವಲ್ಪ ಅನ್ನ ಉಳಿದಿದೆ’ ಎಂದರೆ ಬಂದವರಿಗೆ ಬಡಿಸಬಹುದು. ‘ಸ್ವಲ್ಪವೇ ಉಳಿದಿದೆ’ ಎಂದರೆ ಸಾಲದು. ಇಂಗ್ಲಿಷಿನ ‘ಎ ಲಿಟಲ್’ ಮತ್ತು ‘ಲಿಟಲ್’, ‘ಎ ಫ್ಯೂ’ ಮತ್ತು ‘ಫ್ಯೂ’ ಇವುಗಳ ಭೇದವನ್ನು ಬೋಧಿಸುವ ಶಿಕ್ಷಕರಿಗೆ ಇದು ಸಿದ್ಧ ಉದಾಹರಣೆ.

ಯಾರೋ, ಯಾರಾದರೂ, ಯಾರೂ

ಇಲ್ಲಿ ನಮ್ಮ ಮಕ್ಕಳಿಗೆ ಕಲಿಸಬೇಕಾದುದು ಏನೂ ಇಲ್ಲ. ತೋರಿಸಬೇಕಾದುದು ಮಾತ್ರ ಇದೆ. ‘ಏನೋ ತಿಂದ’: ತಿಂದದ್ದು ನಿಜ, ಏನೆಂದು ಹೇಳುವವನಿಗೆ ತಿಳಿಯದು. ‘ಏನಾದರೂ ತಿನ್ನು’: ಇನ್ನೂ ತಿಂದಿಲ್ಲ, ಆಯ್ಕೆ ಕೇಳುವವನದು. ‘ಏನೂ ತಿನ್ನಲಿಲ್ಲ’: ನಿಷೇಧ. ಕನ್ನಡದ ಯಾರೋ, ಯಾರಾದರೂ, ಯಾರೂ ಎಂಬುದಕ್ಕೆ ತಮಿಳಿನಲ್ಲಿ ಯಾರೋ, ಯಾರಾವದು, ಯಾರುಂ; ತೆಲುಗಿನಲ್ಲಿ ಎವರೋ, ಎವರೈನಾ, ಎವರೂ. ಪ್ರಶ್ನೆಯ ಪದಕ್ಕೆ ಬಾಲ ಹಚ್ಚುವ ಈ ಕ್ರಮ ಮೂರಕ್ಕೂ ಒಂದೇ. ‘ಎಷ್ಟೋ ಜನ’ ಎಂದಾಗ ಮಾತ್ರ ಗಮನವಿರಲಿ. ಅಲ್ಲಿ ಓಕಾರವು ಅಜ್ಞಾನವನ್ನು ಬಿಟ್ಟು ‘ಬಹಳ’ ಎಂಬ ಅರ್ಥಕ್ಕೆ ಹೊರಳಿದೆ.

ಏನೂ ಹಚ್ಚದ ನಾಮಪದ

‘ನೀರು ಕೊಡಿ’ ಎಂದು ಕೇಳಿದರೆ ಸಾಕು. ಎಷ್ಟು, ಯಾವ ನೀರು ಎಂದು ಯಾರೂ ಕೇಳುವುದಿಲ್ಲ. ಬರಿಯ ನಾಮಪದವೇ ಕನ್ನಡದಲ್ಲಿ ಅನಿರ್ದಿಷ್ಟ ಪರಿಮಾಣವನ್ನು ಹೇಳುತ್ತದೆ. ಎಲ್ಲ ಭಾಷೆಗಳಲ್ಲಿ ಹೀಗಿಲ್ಲ. ಇಟಾಲಿಯನ್ ಭಾಷೆಯವರು ಇಂತಹ ಕಡೆ ‘ಆಕ್ವಾ’ ಎಂಬ ನೀರಿನ ಪದದ ಮುಂದೆ ‘ಅದರ ಒಂದು ಭಾಗ’ ಎಂಬ ಧ್ವನಿಯ ಪ್ರತ್ಯಯವನ್ನು ಹಚ್ಚಿ ‘ಡೆಲ್ಲಾಕ್ವಾ’ ಎನ್ನುವುದು ವಾಡಿಕೆ. ‘ನೀರಿಲ್ಲ’ ಎನ್ನುವಾಗ ಸಾಮಾನ್ಯವಾಗಿ ಅದನ್ನು ಬಿಡುತ್ತಾರೆ. ಇನ್ನೊಂದು ವಿನೋದವೂ ಅಲ್ಲುಂಟು. ಅವರ ‘ಕ್ವಾಲ್ಕೆ’ ಎಂಬ ಪದಕ್ಕೆ ‘ಕೆಲವು’ ಎಂದೇ ಅರ್ಥವಾದರೂ ಅದರ ಮುಂದೆ ಏಕವಚನವೇ ಬರಬೇಕು. ‘ನಾಲ್ಕಾರು ಪುಸ್ತಕ ತಂದೆ’ ಎಂದು ಗಳು ಪ್ರತ್ಯಯವನ್ನು ಬಿಟ್ಟು ಬರೆದ ಮಗುವಿಗೆ ಅಂಕ ಕಳೆಯುವ ಮುನ್ನ ಇದನ್ನು ನೆನೆಯಬಹುದು. ನಪುಂಸಕ ಪದಗಳಲ್ಲಿ ಸಂಖ್ಯೆಯೇ ಬಹುತ್ವವನ್ನು ಹೇಳಿಬಿಟ್ಟರೆ ಗಳು ಐಚ್ಛಿಕ.

ಕರ್ಮಪದಕ್ಕೆ ಅನ್ನು ಪ್ರತ್ಯಯ ಹಚ್ಚಿದೊಡನೆ ಅನಿರ್ದಿಷ್ಟತೆ ಕುಗ್ಗುತ್ತದೆ. ‘ಹಾಲು ತಂದೆ’ ಎಂದರೆ ಯಾವುದೋ ಹಾಲು. ‘ಹಾಲನ್ನು ತಂದೆ’ ಎಂದರೆ ನೀವು ಹೇಳಿದ ಹಾಲು ಎಂಬ ಧ್ವನಿ ಬರುತ್ತದೆ. ಮನುಷ್ಯವಾಚಕಗಳಿಗೆ ಅನ್ನು ಸಾಮಾನ್ಯವಾಗಿ ಕಡ್ಡಾಯ, ಆದರೂ ‘ಹೆಣ್ಣು ನೋಡಲು ಹೋದರು’ ಎನ್ನುತ್ತೇವೆ. ಏಕೆಂದರೆ ಹೆಣ್ಣು ಇನ್ನೂ ಗೊತ್ತಾಗಿಲ್ಲ. ತಮಿಳಿನಲ್ಲಿಯೂ ‘ಪೆಣ್ ಪಾರ್ಕ್ಕ’ ಎಂದೇ ಹೇಳುತ್ತಾರೆ. ‘ಎಲ್ಲ ಕರ್ಮಪದಗಳಿಗೂ ಅನ್ನು ಹಚ್ಚಿ’ ಎಂದು ಒತ್ತಾಯಿಸುವ ಶಿಕ್ಷಕರು ‘ಊಟವನ್ನು ಮಾಡಿ ನಿದ್ದೆಯನ್ನು ಮಾಡಿದೆನು’ ಎಂಬಂತಹ ಕೃತಕ ಗದ್ಯವನ್ನು ಬೆಳೆಸುತ್ತಾರೆ.

ಮಾಪನದ ಪದಗಳಲ್ಲಿಯೂ ನಮ್ಮದು ನೇರ ಜೋಡಣೆ: ಒಂದು ಹಿಡಿ ಅಕ್ಕಿ, ಒಂದು ಚಿಟಿಕೆ ಅರಿಶಿನ, ಒಂದು ಬೊಗಸೆ ರಾಗಿ, ಒಂದು ಮೊಳ ಹೂ. ನಡುವೆ ವಿಭಕ್ತಿ ಬೇಡ. ‘ಒಂದು ಹಿಡಿಯ ಅಕ್ಕಿ’ ಅನುವಾದದ ಕೂಸು.

ಸಂಖ್ಯೆಯ ವೇಷದಲ್ಲಿ

ಈಗ ಆ ಹುಡುಗಿಯ ಸ್ಲೇಟಿಗೆ ಹಿಂದಿರುಗೋಣ. ಐದಾರು ಎಂದರೆ ಐದು ಅಥವಾ ಆರು. ನಾಲ್ಕಾರು ಎಂದರೆ ನಾಲ್ಕರಿಂದ ಆರರವರೆಗೆ ಎಂಬ ಸುಳಿವಿದ್ದರೂ ಬಳಕೆಯಲ್ಲಿ ‘ಕೆಲವು’ ಎಂದಷ್ಟೇ. ಹತ್ತಾರು, ನೂರಾರು, ಸಾವಿರಾರು ಎಂಬಲ್ಲಿ ಆರು ಕಿವಿಗೆ ಕೇಳಿಸುತ್ತದೆ, ಲೆಕ್ಕಕ್ಕೆ ಸಿಗುವುದಿಲ್ಲ. ಹದಿನಾರು 16, ಹತ್ತಾರು ಹಲವು; ನೂರ ಆರು 106, ನೂರಾರು ಹಲವು ನೂರುಗಳು; ಸಾವಿರದ ಆರು 1006, ಸಾವಿರಾರು ಹಲವು ಸಾವಿರಗಳು. ಇವನ್ನು ಜೋಡಿಜೋಡಿಯಾಗಿಯೇ ಕಪ್ಪುಹಲಗೆಯ ಮೇಲೆ ಬರೆಯಬೇಕು, ಪಕ್ಕದಲ್ಲಿ ತಮಿಳು ಮತ್ತು ತೆಲುಗಿನ ರೂಪಗಳನ್ನೂ ಮಕ್ಕಳಿಂದಲೇ ಹೇಳಿಸಬೇಕು. ಸಂಖ್ಯೆಯನ್ನು ಹೇಳುವಾಗ ಶಿಕ್ಷಕರು ‘ನೂರ’ ಎಂಬುದರ ನಂತರ ತುಸು ನಿಂತು ‘ಆರು’ ಎನ್ನಬೇಕು. ಇಷ್ಟಕ್ಕೇ ಗೊಂದಲದ ಬಹುಪಾಲು ನೀಗುತ್ತದೆ.

‘ಒಂದು ಹತ್ತು ಜನ ಬರಬಹುದು’ ಎಂಬಲ್ಲಿಯ ಒಂದು ಕೂಡ ಎಣಿಕೆಯದಲ್ಲ, ‘ಸುಮಾರು’ ಎಂದರ್ಥ. ತಮಿಳಿನ ‘ಒರು ಪತ್ತು ಪೇರ್’, ತೆಲುಗಿನ ‘ಒಕ ಪದಿ ಮಂದಿ’ ಹೀಗೆಯೇ ಇರುವುದರಿಂದ ಮಕ್ಕಳು ಇಲ್ಲಿ ತಪ್ಪುವುದಿಲ್ಲ. ‘ನಾಲ್ಕು ಜನರ ಎದುರಿಗೆ ಮರ್ಯಾದೆ ಹೋಯಿತು’ ಎಂದಾಗಲೂ ಆ ನಾಲ್ವರು ಯಾರೆಂದು ಮೂರು ಭಾಷೆಯವರೂ ಕೇಳುವುದಿಲ್ಲ. ಸುಮಾರು ಎಂಬ ಪದ ಮಾತ್ರ ಮೋಸಗೊಳಿಸುತ್ತದೆ. ‘ಸುಮಾರು ನೂರು ಜನ’ ಎಂದರೆ ಅಂದಾಜು. ‘ಸುಮಾರು ಜನ’ ಎಂದರೆ ಸಾಕಷ್ಟು ಜನ. ‘ಊಟ ಸುಮಾರು’ ಎಂದರೆ ಅಷ್ಟಕ್ಕಷ್ಟೆ. ‘ಸುಮಾರು ನೂರಾರು’ ಎಂದು ವರದಿಗಳಲ್ಲಿ ಬರೆಯುವುದನ್ನು ಮಕ್ಕಳು ಅನುಕರಿಸದಂತೆ ನೋಡಿಕೊಳ್ಳಿ; ಅಂದಾಜಿಗೆ ಮತ್ತೊಂದು ಅಂದಾಜು ಬೇಕಿಲ್ಲ.

ತರಗತಿಯ ಚಟುವಟಿಕೆಗೆ ಹೊಸೂರಿನವರಿಗೆ ಹೂವಿನ ಅಂಗಡಿಗಿಂತ ಒಳ್ಳೆಯ ಪ್ರಸಂಗ ಬೇಡ. ಇಬ್ಬರು ಮಕ್ಕಳು ಮಾರುವವರು, ಉಳಿದವರು ಕೊಳ್ಳುವವರು. ಮೊದಲ ಸುತ್ತಿನಲ್ಲಿ ಯಾರೂ ಸಂಖ್ಯೆಯನ್ನು ಹೇಳಬಾರದು: ‘ಒಸಿ ಮಲ್ಲಿಗೆ’, ‘ಕೆಲವು ಗುಲಾಬಿ’, ‘ಇರುವುದರಲ್ಲಿ ಒಂದಿಷ್ಟು’. ಮಾರುವವರು ತಮಗೆ ತೋಚಿದಷ್ಟು ಕೊಡಲಿ. ಎಷ್ಟು ಕೊಟ್ಟರೆಂಬುದನ್ನು ಒಬ್ಬರು ಎಣಿಸಿ ಬರೆಯಲಿ. ಎರಡನೆಯ ಸುತ್ತಿನಲ್ಲಿ ಮೊಳ ಮತ್ತು ಸಂಖ್ಯೆ. ಕೊನೆಗೆ ‘ಕೆಲವು’ ಎಂದಾಗ ಬೇರೆ ಬೇರೆ ಮಕ್ಕಳು ಕೊಟ್ಟ ಹೂಗಳ ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು ಚರ್ಚಿಸಿ. ನಾನು ಈ ಆಟವನ್ನು ಆಡಿಸಿದಾಗ ಕೆಲವಕ್ಕೆ ಮೂರರಿಂದ ಎಂಟರವರೆಗೆ ಬಂದಿತ್ತು. ಒಬ್ಬ ಹುಡುಗ ಮಾತ್ರ ಇಪ್ಪತ್ತು ಕಾಗದದ ಹೂಗಳನ್ನು ಎಣಿಸಿಕೊಟ್ಟ. ‘ನಮ್ಮ ಮನೇಲಿ ಗುಲಾಬಿ ಕಟ್ಟು ಇಪ್ಪತ್ತರದೇ, ಅದಕ್ಕಿಂತ ಕಡಿಮೆ ಕೊಡೋದಿಲ್ಲ’ ಎಂದು ಕಾರಣ ಹೇಳಿದ. ಅವನ ಉತ್ತರವನ್ನೂ ಹಲಗೆಯ ಮೇಲೆ ಬರೆದೆವು.